ನಿಮ್ಮ ರುಜುವಿನ ಕೆಳಗೆ ನಮ್ಮಕ್ಕನ ಗದ್ದ

ಮಾನ್ಯ ಆರೋಗ್ಯಾಧಿಕಾರಿಗಳೇ,

ನಿಮ್ಮ ರುಜು ಬಹಳ ಅಂದವಾಗಿದೆ. ಕೊನೆಯಲ್ಲಿ ಉದ್ದಕ್ಕೆ ಒಂದು ಬಾಲ ಎಳೆದು ಅದರ ಕೆಳಗೆ ಚುಕ್ಕಿ ಇಟ್ಟಿದ್ದೀರಿ. ಕಂಪ್ಲಿಯಲ್ಲಿ ಬಸ್ಸು ನಿಲ್ಲುವ ಜಾಗದ ಹಿಂದಿನ ಛತ್ರದಲ್ಲಿ, ಹೆಂಗಸರ ಮುಖದ ಹಚ್ಚೆ ತೆಗೆಯುವ ಡಾಕ್ಟರೆಂದು ಹೇಳಿಕೊಳ್ಳುವವರೊಬ್ಬರು ನೀವು ಕೊಟ್ಟ ಸರ್ಟಿಫಿಕೇಟಿಗೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಆ ರುಜುವನ್ನು ನಂಬಿ ನಮ್ಮ ಅಕ್ಕ ಊರಮ್ಮ ಹೋದ ಕಾರ್ತಿಕದಲ್ಲಿ ಅವರ ಕುರ್ಚಿಯ ಮೇಲೆ ಕುಳಿತು ಮುಖ ಕೊಟ್ಟಳು. ಈಗ ಅವಳ ಬಾಯಿ ಪೂರ್ತಿ ಮುಚ್ಚುವುದಿಲ್ಲ. ಬರುವ ಸಂತೆಗೆ ಅದೇ ಮನುಷ್ಯರು ಅದೇ ಛತ್ರಕ್ಕೆ ಮತ್ತೆ ಬರುತ್ತಿದ್ದಾರೆ. ಈ ಸಲ ಆ ಕುರ್ಚಿಯ ಮೇಲೆ ಕೂರಬೇಕಾದವಳು ನಾನು.

ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಹೊರಗಿನವರು ಬಂದರೆ ಬಾಗಿಲ ಹಿಂದಿನಿಂದ ಮಾತಾಡುತ್ತೇನೆ. ಅದೂ ನಮ್ಮಜ್ಜಿ ಚಿವುಟಿದರೆ. ಇಷ್ಟು ದೊಡ್ಡವರಿಗೆ, ಅದೂ ನಾಲ್ಕು ಜನ ಓದುವ ಪತ್ರಿಕೆಯಲ್ಲಿ, ಬರೆಯುವ ಧೈರ್ಯ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಬರೆಯುವಾಗ ನನ್ನ ಮುಖ ಯಾರಿಗೂ ಕಾಣುವುದಿಲ್ಲ, ಅಷ್ಟೇ. ನಿಮಗೆ ಕನ್ನಡ ಓದಲು ಬಾರದಿದ್ದರೆ ನಿಮ್ಮ ಜವಾನ ಓದಿ ಹೇಳಲಿ. ನಡುವೆ ಎಲ್ಲಿಯೂ ಬಿಡದೆ ಓದಲಿ. ಈ ಹಾಳೆಯ ಹಿಂದಿನ ಪುಟದಲ್ಲಿಯೇ ಆ ಡಾಕ್ಟರ ಜಾಹೀರಾತು ಇದ್ದರೂ ಇರಬಹುದು. ಸಂಪಾದಕರ ಮೇಲೆ ನನಗೆ ಗೌರವವಿದೆ, ಆದರೆ ಈಚೆಗೆ ನಾನು ಎಲ್ಲ ಕಾಗದವನ್ನೂ ತಿರುಗಿಸಿ ನೋಡುತ್ತೇನೆ.

ಹಚ್ಚೆಯ ವಿಷಯ ನಿಮಗೆ ಗೊತ್ತಿರಲಾರದು. ನಮ್ಮ ಮನೆಗಳಲ್ಲಿ ಹೆಣ್ಣು ಮಗುವಿಗೆ ಹಲ್ಲು ಬಿದ್ದು ಹುಟ್ಟುವ ವಯಸ್ಸಿಗೆ ಹಣೆಗೆ ಒಂದು ಗೆರೆ, ಗದ್ದಕ್ಕೆ ಮೂರು ಚುಕ್ಕಿ ಚುಚ್ಚಿಸುತ್ತಾರೆ. ಚುಚ್ಚಿಸದಿದ್ದರೆ ಅತ್ತೆಮನೆಯಲ್ಲಿ ಅವಳ ಕೈಯ ನೀರು ಕುಡಿಯುವುದಿಲ್ಲ ಎಂಬ ಮಾತಿತ್ತು. ನನಗೆ ಚುಚ್ಚುವಾಗ ನಮ್ಮಜ್ಜಿ ಮರುಳಸಿದ್ದಮ್ಮ ಕಾಲು ಹಿಡಿದಿದ್ದಳು, ಅವ್ವ ತಲೆ ಹಿಡಿದಿದ್ದಳು. ಹಚ್ಚೆಯವಳು ಹಾಡು ಹೇಳುತ್ತ ಸೂಜಿ ಆಡಿಸಿದಳು. ನಾನು ಅವ್ವನ ಕೈ ಕಚ್ಚಿದೆ. ಆ ಹಚ್ಚೆ ನನಗೆ ಬೇಕೇ ಎಂದು ಯಾರೂ ಕೇಳಲಿಲ್ಲ. ಆದ್ದರಿಂದ ಹಳೆಯದೆಲ್ಲ ಚೆಂದ, ಹೊಸದೆಲ್ಲ ಕೇಡು ಎಂದು ಹಾಡಲು ನಾನು ಕುಳಿತಿಲ್ಲ. ಸೂಜಿಯ ಮೇಲೂ ನನಗೆ ಅನುಮಾನವಿದೆ. ಆದರೆ ಸೂಜಿ ಚುಚ್ಚಿದವಳು ಪ್ರತಿ ವರ್ಷ ನಮ್ಮ ಓಣಿಗೆ ಬರುತ್ತಾಳೆ. ತಾನು ಹಾಕಿದ ಚುಕ್ಕಿಯನ್ನು ನೋಡಿ, ಗದ್ದ ಹಿಡಿದು, ಜೋಳ ಹಾಕಿಸಿಕೊಂಡು ಹೋಗುತ್ತಾಳೆ. ನಿಮ್ಮ ಡಾಕ್ಟರು ತಾವು ಮುಟ್ಟಿದ ಮುಖವನ್ನು ಇವತ್ತಿನವರೆಗೂ ಎರಡನೆಯ ಸಲ ನೋಡಿಲ್ಲ.

ಅಕ್ಕನಿಗೆ ಎಮ್ಮಿಗನೂರಿನ ಒಂದು ಸಂಬಂಧ ಬಂತು. ಹುಡುಗ ಬಳ್ಳಾರಿಯಲ್ಲಿ ಗುಮಾಸ್ತ. ಹುಡುಗನ ತಾಯಿ ದ್ಯಾಮಕ್ಕ ನಮ್ಮ ಪಡಸಾಲೆಯಲ್ಲಿ ಕುಳಿತು ಎಲ್ಲ ಒಪ್ಪಿದ ಮೇಲೆ ಕೊನೆಗೆ ಹೇಳಿದಳು:

"ಹುಡುಗಿ ಭಾಳ ಚೊಲೊ ಅದಾಳ. ಆದ್ರ ನಮ್ ಹುಡುಗ ಸಾಹೇಬ್ರ ಕಚೇರ್ಯಾಗ ಕೆಲಸ ಮಾಡಾಂವ. ಹೆಂಡ್ತಿ ಮಾರಿ ಮ್ಯಾಲ ಹಸರು ಇದ್ರ ನಾಚಿಕಿ ಆಗ್ತೈತಿ ಅಂತಾನ."

ನಮ್ಮಜ್ಜಿ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ತಲೆ ಎತ್ತಿದಳು. "ನಿನ್ ಮಾರಿ ಮ್ಯಾಲ ಏನೈತಿಬೇ ಮತ್ತ? ನೀ ಹಡೆಯೋ ಮುಂದ ನಾಚಿಕಿ ಆಗಲಿಲ್ಲೇನು ಅವಂಗ?"

ಎಲ್ಲರೂ ನಕ್ಕರು. ದ್ಯಾಮಕ್ಕನೂ ನಕ್ಕಳು. ನಕ್ಕು, ಹಚ್ಚೆ ತೆಗೆಸಿದರೆ ಮಾತ್ರ ಮಾತು ಮುಂದೆ ಎಂದು ಹೇಳಿ ಎದ್ದಳು.

ಛತ್ರಕ್ಕೆ ಅಕ್ಕನ ಜೊತೆ ಅಜ್ಜಿಯೂ ನಾನೂ ಹೋಗಿದ್ದೆವು. ಗೋಡೆಯ ಮೇಲೆ ನಿಮ್ಮ ಸರ್ಟಿಫಿಕೇಟು. ಅದರ ಎರಡೂ ಪಕ್ಕದಲ್ಲಿ ಒಂದೊಂದು ಪಟ. ಒಂದರ ಕೆಳಗೆ 'ಮೊದಲು', ಇನ್ನೊಂದರ ಕೆಳಗೆ 'ಆಮೇಲೆ'. ಮೊದಲಿನ ಪಟದ ಹೆಂಗಸಿಗೆ ಮುಖದ ತುಂಬ ಹಚ್ಚೆ, ಆಮೇಲಿನದರಲ್ಲಿ ಮುಖ ಬೆಳ್ಳಗೆ ಸಾಫು. ನೋಡಿ ನನಗೂ ಆಸೆಯಾಯಿತು, ಸುಳ್ಳೇಕೆ ಹೇಳಲಿ. ಅಜ್ಜಿ ಮಾತ್ರ ಹತ್ತಿರ ಹೋಗಿ ಬಹಳ ಹೊತ್ತು ನೋಡಿದಳು. ಮೊದಲಿನ ಪಟದವಳ ಕಿವಿ ಓಲೆಯ ಭಾರಕ್ಕೆ ಜೋತು ಹರಿದು ಹೋಗಿತ್ತು. ಆಮೇಲಿನವಳ ಕಿವಿ ಎಳೆಯ ಹುಡುಗಿಯ ಕಿವಿಯ ಹಾಗೆ ಗುಂಡಗಿತ್ತು.

"ಸಾಹೇಬ್ರ, ಮಾರಿಗೆ ಹಚ್ಚಿದ ಔಷಧ ಕಿವಿಗೂ ಹತ್ತತೈತೇನ್ರಿ?" ಎಂದು ಅಜ್ಜಿ ಕೇಳಿದಳು.

ಡಾಕ್ಟರು ಅದಕ್ಕೆ, "ಅಜ್ಜಿ, ಇದು ಸೈನ್ಸು. ನಿಮಗೆ ತಿಳಿಯುವುದಿಲ್ಲ" ಎಂದರು. ನಿಮ್ಮ ರುಜುವಿನ ಕಡೆ ಬೆರಳು ತೋರಿಸಿದರು.

ಅವರ ಕೈಕೆಳಗೆ ಒಬ್ಬ ಹೆಂಗಸಿದ್ದಳು. ಕುರ್ಚಿಯಲ್ಲಿ ಕುಳಿತವರ ತಲೆ ಅಲುಗಾಡದಂತೆ ಹಿಡಿಯುವುದು ಅವಳ ಕೆಲಸ. ಅವಳ ಎರಡೂ ಮುಂಗೈಗಳಿಗೆ ಮಣಿಕಟ್ಟಿನಿಂದ ಮೊಣಕೈವರೆಗೆ ಹಚ್ಚೆ. ಅಜ್ಜಿ ಬಿಡುವವಳಲ್ಲ.

"ನಿಂದ್ಯಾಕ ತೆಗಿಸ್ಕೊಂಡಿಲ್ಲಬೇ? ನಿನಗ ಪುಕ್ಕಟ ಮಾಡಿಕೊಡ್ತಿದ್ರಲ್ಲ?"

"ನಂದು ಮದುವಿ ಆಗೇತಿ ಬಿಡ್ರಿ," ಎಂದಳು ಅವಳು.

ಮಾನ್ಯರೇ, ಆ ಮಾತು ಕೇಳಿಯೂ ನಾವು ಎದ್ದು ಬರಲಿಲ್ಲ. ಯಾಕೆ ಬರಲಿಲ್ಲ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಗುಂಡಗಿನ ಕಿವಿ ಒಂದು ಕಡೆ, ಆ ಹೆಂಗಸಿನ ಕೈ ಒಂದು ಕಡೆ, ನಿಮ್ಮ ರುಜು ಒಂದು ಕಡೆ. ನಮ್ಮ ಕಣ್ಣು ಕಂಡದ್ದಕ್ಕಿಂತ ನೀವು ಬರೆದದ್ದು ದೊಡ್ಡದಾಯಿತು.

ಹಣೆಯ ಗೆರೆ ಮುಂದಿನ ಸಲ ಎಂದು ಹೇಳಿ, ಕಡ್ಡಿಗೆ ಹತ್ತಿ ಸುತ್ತಿ ಸೀಸೆಯಲ್ಲಿ ಅದ್ದಿ ಗದ್ದಕ್ಕೆ ಒತ್ತಿದರು. ಇರುವೆ ಕಚ್ಚಿದಷ್ಟೇ ನೋವು ಎಂದು ಮೊದಲೇ ಹೇಳಿದ್ದರು. ಚರ್ಮ ಬೆಳ್ಳಗಾಯಿತು, ಆಮೇಲೆ ಬೂದಿಯ ಬಣ್ಣವಾಯಿತು. ಅಕ್ಕ ನನ್ನ ಕೈ ಹಿಡಿದುಕೊಂಡು, "ಜಂಬಿ, ಇರುವಿ ಅಲ್ಲ ಇದು, ಇರುವಿ ಅಲ್ಲ. ಏನರ ಹಾಡಲೇ," ಎಂದಳು. ಹಚ್ಚೆ ಹಾಕುವಾಗ ಹಾಡು ಹೇಳಿದ್ದರಲ್ಲ, ತೆಗೆಯುವಾಗಲೂ ಹೇಳುತ್ತಾರೆಂದು ತಿಳಿದಿದ್ದಳು. ಅಷ್ಟು ಜನರ ಮುಂದೆ ಹಾಡಲು ನಾನು ನಾಚಿದೆ. ಡಾಕ್ಟರು ಗಡಿಯಾರ ನೋಡುತ್ತಿದ್ದರು.

ಬಟ್ಟೆ ಕಟ್ಟಿ ಕಳಿಸಿದರು. ಎರಡು ಸಂತೆ ಕಳೆಯುವವರೆಗೆ ಬಿಚ್ಚಬಾರದು, ಬಿಚ್ಚಿದರೆ ತಾವು ಜವಾಬ್ದಾರರಲ್ಲ ಎಂದರು. ಮುಂದಿನ ಸಂತೆಗೆ ಛತ್ರ ಖಾಲಿಯಾಗಿತ್ತು. ನಮ್ಮಪ್ಪ ಗುಡ್ಡಪ್ಪ ಹೊಸಪೇಟೆಗೆ ಹೋಗಿ ಕೇಳಿದರೆ ಸಂಡೂರಿಗೆ ಹೋದರು ಎಂದರು. ಸಂಡೂರಿನಲ್ಲಿ ಕೇಳಿದರೆ ದರೋಜಿಗೆ ಬಂದು ರೈಲು ಹತ್ತಿದರು ಎಂದರು. ಸಂಡೂರಿನಲ್ಲಿ ಬಟ್ಟೆ ಕಟ್ಟಿಕೊಂಡ ಹುಡುಗಿಯರನ್ನು ಅಪ್ಪ ಕಂಡ. ಅವರ ಮನೆಯವರು ಇನ್ನೂ ಸಂತೋಷದಲ್ಲಿದ್ದರು. ಹೊಸಪೇಟೆಯಲ್ಲಿ ಒಬ್ಬ ಹುಡುಗಿಯೂ ಕಾಣಲಿಲ್ಲ. ವಿಚಾರಿಸಿದ ಮನೆಗಳಲ್ಲಿ ಬಾಗಿಲು ಹಾಕಿಕೊಂಡರು. ಇದನ್ನು ಕೇಳಿದ ದಿನ ನನಗೆ ಒಂದು ವಿಷಯ ಹೊಳೆಯಿತು. ಡಾಕ್ಟರು ಆಗಷ್ಟೇ ಬಿಟ್ಟ ಊರಿನಲ್ಲಿ ಕಟ್ಟಿದ ಬಟ್ಟೆ, ಬಿಟ್ಟು ದಿನ ಕಳೆದ ಊರಿನಲ್ಲಿ ಮುಚ್ಚಿದ ಬಾಗಿಲು. ಮುಖ ಕೆಟ್ಟ ಹುಡುಗಿ ನಾಚಿಕೆಯಿಂದ ಒಳಗೆ ಕೂರುತ್ತಾಳೆ, ಮನೆಯವರು ಮರ್ಯಾದೆಗೆ ಅಂಜಿ ಸುಮ್ಮನಿರುತ್ತಾರೆ. ಇವರ ಅಂಗಡಿ ನಡೆಯುವುದು ಸೀಸೆಯ ಔಷಧದಿಂದಲ್ಲ, ನಮ್ಮ ನಾಚಿಕೆಯಿಂದ. ಆ ನಾಚಿಕೆ ನನ್ನಲ್ಲಿ ಬೇಕಾದಷ್ಟಿದೆ, ಆದ್ದರಿಂದ ಚೆನ್ನಾಗಿ ಬಲ್ಲೆ.

ಗಾಯ ನಾರತೊಡಗಿತು. ಅಜ್ಜಿ ತಡೆಯಲಾರದೆ ಬಟ್ಟೆ ಬಿಚ್ಚಿ, ಹಚ್ಚೆ ಹಾಕಿದಾಗ ಹಚ್ಚುವ ಹಾಗೆ ಅರಿಶಿನ, ಹರಳೆಣ್ಣೆ ಹಚ್ಚಿದಳು. ನಮಗೆ ಗೊತ್ತಿದ್ದ ಆರೈಕೆ ಅದೊಂದೇ. ಗಾಯ ಮಾಯುವಾಗ ಚರ್ಮ ಕೆಳಗೆ ಸೆಳೆದುಕೊಂಡು ತುಟಿಯನ್ನೂ ಎಳೆಯಿತು. ನೀರು ಕುಡಿದರೆ ಮೂಲೆಯಿಂದ ಇಳಿಯುತ್ತದೆ. ಅವಳು ಈಗ ಗೋಡೆಗೆ ಮುಖ ಮಾಡಿ ಉಣ್ಣುತ್ತಾಳೆ.

ಅಪ್ಪ ಅವಳನ್ನು ನಿಮ್ಮ ಕಚೇರಿಗೆ ಕರೆತಂದ ದಿನ ನಿಮಗೆ ನೆನಪಿದೆಯೇ? ನಾನು ಬಾಗಿಲ ಬಳಿ ನಿಂತಿದ್ದೆ. ಅಪ್ಪ, "ಸ್ವಾಮೇರ, ಒಮ್ಮಿ ಮಾರಿ ನೋಡ್ರಿ" ಎಂದ. ನೀವು ನೋಡಲಿಲ್ಲ. "ಇದು ರೋಗವಲ್ಲ, ಅಲಂಕಾರ. ಅಲಂಕಾರ ನಮ್ಮ ಇಲಾಖೆಗೆ ಸೇರಿದ್ದಲ್ಲ" ಎಂದಿರಿ. ಹಾಗಾದರೆ ಸರ್ಟಿಫಿಕೇಟು ಯಾಕೆ ಕೊಟ್ಟಿರಿ ಎಂದು ಅಪ್ಪ ಕೈಮುಗಿದು ಕೇಳಿದ್ದಕ್ಕೆ, "ಕೋಣೆ ಶುಚಿಯಾಗಿತ್ತು, ಅದಕ್ಕೆ ಕೊಟ್ಟೆವು" ಎಂದಿರಿ. ಅರಿಶಿನ ಹಚ್ಚಿದ್ದನ್ನು ಅಪ್ಪನೇ ನಿಮಗೆ ಹೇಳಿದ್ದ. ಎದ್ದು ಹೋಗುವಾಗ ಅದನ್ನೇ ಹಿಡಿದು, "ಅರಿಶಿನ ಹಚ್ಚಿ ನೀವೇ ಕೆಡಿಸಿಕೊಂಡಿದ್ದೀರಿ" ಎಂದೂ ಹೇಳಿದಿರಿ.

ಅರಿಶಿನ ಹಚ್ಚಿದ್ದು ನಿಜ. ಅದರಿಂದ ಗಾಯ ಇನ್ನಷ್ಟು ಕೆಟ್ಟಿದ್ದರೆ ಆ ತಪ್ಪು ನಮ್ಮದೇ ಇರಲಿ. ಆದರೆ ಸುಟ್ಟದ್ದು ಅರಿಶಿನವೇ? ಛತ್ರದ ಬೋರ್ಡಿನ ಮೇಲೆ ಇರುವುದು 'ಶಸ್ತ್ರಚಿಕಿತ್ಸೆ' ಎಂಬ ಅಕ್ಷರ. ಹುಡುಗಿ ಕುರ್ಚಿಯ ಮೇಲೆ ಕೂರುವವರೆಗೆ ಅದು ಶಸ್ತ್ರಚಿಕಿತ್ಸೆ, ಅವಳು ಅಳುತ್ತ ನಿಮ್ಮ ಬಾಗಿಲಿಗೆ ಬಂದ ಕೂಡಲೇ ಅಲಂಕಾರ. ಯಾವ ಹೊಸ್ತಿಲು ದಾಟಿದಾಗ ಹೆಸರು ಬದಲಾಗುತ್ತದೆ ಸ್ವಾಮಿ? ಕೋಣೆ ಶುಚಿಯಾಗಿತ್ತೆಂದು ಬರೆದವರು 'ಕೋಣೆ' ಎಂಬ ಮಾತನ್ನಾದರೂ ದಪ್ಪ ಅಕ್ಷರದಲ್ಲಿ ಬರೆಯಬಾರದಿತ್ತೇ? ನೀವು ಆ ಸೀಸೆಯ ಮುಚ್ಚಳ ತೆಗೆದು ಮೂಸಿದ್ದಿರೇ? ನಿಮ್ಮ ಮನೆಯ ಹೆಣ್ಣುಮಕ್ಕಳ ಕೆನ್ನೆಯ ಮೇಲೆ ಮಚ್ಚೆಯೋ ಮೈಲಿ ಬೇನೆಯ ಕಲೆಯೋ ಇದ್ದರೆ ಅವರನ್ನು ಅಲ್ಲಿಗೆ ಕಳಿಸುತ್ತಿದ್ದಿರೇ? ಮಚ್ಚೆ, ಮೈಲಿ ಕಲೆ, ಮೇಲ್ತುಟಿಯ ರೋಮ, ಎಲ್ಲವನ್ನೂ ತೆಗೆಯುತ್ತೇವೆಂದು ಈ ಸಲದ ಕರಪತ್ರದಲ್ಲಿ ಹಾಕಿದ್ದಾರೆ. ಮುಖದಲ್ಲಿ ಇರುವುದನ್ನೆಲ್ಲ ತೆಗೆದ ಮೇಲೆ ಅಲ್ಲಿ ಯಾರ ಮುಖ ಉಳಿಯುತ್ತದೆಂದು ಮಾತ್ರ ಹಾಕಿಲ್ಲ.

ನೀವು ಬಿಳಿ ದೊರೆಗಳ ಜೊತೆ ಹಂಪಿ ನೋಡಲು ಹೋಗುತ್ತೀರಿ. ಅಲ್ಲಿ ಶಿಲೆಗಳನ್ನು ಕೆಡಿಸಿದವರಿಗೆ ದಂಡ ಎಂದು ಸರ್ಕಾರದ ಬೋರ್ಡು ಹಾಕಿದ್ದಾರೆ. ಒಳ್ಳೆಯದು. ಅಲ್ಲಿನ ಕಂಬದ ಹೆಣ್ಣುಗಳಿಗೆ ಮೂಗು ಹೋಗಿದೆ, ಗದ್ದ ಹೋಗಿದೆ. ಆದರೂ ಚೆಂದವೆಂದು ನೋಡುತ್ತೀರಿ. ಯಾರೂ ಅವಕ್ಕೆ ಆಸಿಡ್ಡು ಹಚ್ಚಿ ಸಾಫು ಮಾಡೋಣ ಎನ್ನುವುದಿಲ್ಲ. ಕಲ್ಲಿನ ಹೆಣ್ಣಿನ ಮುಖ ಕೆಡಿಸಿದವನಿಗೆ ದಂಡ, ಉಸಿರಾಡುವ ಹೆಣ್ಣಿನ ಮುಖ ಕೆಡಿಸಿದವನಿಗೆ ಸರ್ಟಿಫಿಕೇಟು. ಇದನ್ನು ಬರೆದ ಕಾನೂನು ಯಾವುದು, ನನಗೆ ಓದಲು ಕೊಡಿ. ನಿಧಾನವಾಗಿ ಓದುತ್ತೇನೆ.

ಸಹಜ ಸೌಂದರ್ಯ ಎಂಬ ಮಾತನ್ನು ಪತ್ರಿಕೆಗಳಲ್ಲಿ ಓದಿದ್ದೇನೆ. ಅದನ್ನು ಬರೆಯುವವರು ಹೂವು, ಚಂದ್ರ ಎಂದೆಲ್ಲ ಹೇಳುತ್ತಾರೆ. ನಾನು ಅಷ್ಟು ಓದಿದವಳಲ್ಲ. ಅಕ್ಕ ಮೊದಲು ಬುತ್ತಿ ಹೊತ್ತು ಗದ್ದೆಗೆ ಹೋಗುವಾಗ ನಡುವೆ ನಿಂತು ಸಿಳ್ಳೆ ಹಾಕುತ್ತಿದ್ದಳು. ಹೆಣ್ಣು ಸಿಳ್ಳೆ ಹಾಕಬಾರದೆಂದು ಅವ್ವ ಬಯ್ಯುತ್ತಿದ್ದಳು. ತುಟಿ ಸೇರಿಸಿ ಅವಳು ಊದುವಾಗ ಗದ್ದದ ಮೂರು ಚುಕ್ಕಿಗಳು ಒಂದರ ಪಕ್ಕ ಒಂದು ಬರುತ್ತಿದ್ದವು. ನನಗೆ ಗೊತ್ತಿರುವ ಸೌಂದರ್ಯ ಅದು. ಈಗ ಅವಳಿಗೆ ಸಿಳ್ಳೆ ಬರುವುದಿಲ್ಲ. ಅವ್ವನಿಗೆ ಬಯ್ಯುವ ಕೆಲಸವೂ ತಪ್ಪಿತು.

ದ್ಯಾಮಕ್ಕ ಮತ್ತೆ ಬಂದಿದ್ದಳು. ದೊಡ್ಡವಳು ಹೋಗಲಿ, ಚಿಕ್ಕವಳನ್ನು ಕೊಡಿ ಎಂದಳು. ಷರತ್ತು ಅದೇ. ಅವ್ವ ಎಲ್ಲಮ್ಮ ಒಳಗೆ ಹೋಗಿ ಅತ್ತಳು. ನಾನು ಬ್ಯಾಡ ಎಂದೆ. ನನ್ನ ಜೀವಮಾನದಲ್ಲಿ ಅಪ್ಪನೆದುರು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಅಪ್ಪ ಕೆಟ್ಟವನಲ್ಲ. ಅವನೂ ಕಣ್ಣು ಒರೆಸಿಕೊಂಡೇ ಹೇಳಿದ:

"ಈ ಸಲ ಹೊಸ ಔಷಧ ಅಂತವ್ವ. ಊರಮ್ಮಂದು ಅರಿಶಿನದಿಂದ ಕೆಟ್ಟತು ಅಂತ ಆಫೀಸರೇ ಅಂದ್ರಲ್ಲ? ಸರ್ಟಿಫಿಕೇಟು ಇನ್ನೂ ಅಲ್ಲೇ ಐತಿ. ಸರ್ಕಾರದವ್ರು ಸುಳ್ಳು ಬರೀತಾರೇನು?"

ಮಾನ್ಯರೇ, ನನ್ನ ಮಾತನ್ನು ಅಪ್ಪ ನಂಬುವುದಿಲ್ಲ, ಅಜ್ಜಿಯ ಕಣ್ಣನ್ನು ನಂಬುವುದಿಲ್ಲ, ತನ್ನ ಮಗಳ ತುಟಿಯನ್ನೂ ನಂಬುವುದಿಲ್ಲ. ನಿಮ್ಮನ್ನು ನಂಬುತ್ತಾನೆ. ಆದ್ದರಿಂದ ಅವನ ಪ್ರಶ್ನೆಗೆ ಉತ್ತರ ನೀವೇ ಹೇಳಬೇಕು.

ನಾನು ಕೇಳುವುದು ಇಷ್ಟೇ. ಬರುವ ಸಂತೆಯ ದಿನ ಕಂಪ್ಲಿಯ ಛತ್ರಕ್ಕೆ ಬನ್ನಿ. ಜವಾನನನ್ನು ಕಳಿಸಬೇಡಿ, ನೀವೇ ಬನ್ನಿ. ಕೋಣೆ ಶುಚಿಯಾಗಿಯೇ ಇರುತ್ತದೆ, ನಿಮಗೆ ಇಷ್ಟವಾಗುತ್ತದೆ. ಗೋಡೆಯ ಮೇಲೆ 'ಮೊದಲು' ಇರುತ್ತದೆ, 'ಆಮೇಲೆ' ಇರುತ್ತದೆ. ಅವುಗಳ ಕೆಳಗೆ ನಮ್ಮಕ್ಕ ಕೂತಿರುತ್ತಾಳೆ. ನಿಮ್ಮ ಕಚೇರಿಗೆ ಬಂದದ್ದು ಬಿಟ್ಟರೆ ಆರು ತಿಂಗಳಿಂದ ಹೊಸ್ತಿಲು ದಾಟದವಳು ನಿನ್ನೆ ಈ ಪತ್ರವನ್ನು ನನ್ನಿಂದ ಓದಿಸಿ ಕೇಳಿ, "ಲೇ ಜಂಬಿ, ಬರೇ ಕಾಗದ ಬರದ್ರ ಏನಾಗ್ತೈತಿ? ನಾನ ಬರ್ತೀನಿ. ಸೆರಗು ತಗದು ಕುಂದ್ರತೀನಿ. ಎಲ್ಲಾರೂ ನೋಡ್ಲಿ," ಎಂದಳು. ಅಂದು ನೀವು ನೋಡದೆ ಬಿಟ್ಟ ಮುಖ ಅದು. ಅದನ್ನು ಬೆಳಕಿನಲ್ಲಿ ಪೂರ್ತಿ ನೋಡಿ, ನಮ್ಮಪ್ಪನ ಎದುರಿಗೆ ನಿಮ್ಮ ಕೈಯಿಂದ ಆ ಸರ್ಟಿಫಿಕೇಟನ್ನು ಗೋಡೆಯಿಂದ ಇಳಿಸಿ. ಇಳಿಸುವ ಮನಸ್ಸಿಲ್ಲದಿದ್ದರೆ ಒಂದು ಹಾಳೆ ತನ್ನಿ. ಈ ಮುಖವೂ ನಿಮ್ಮ ಪರೀಕ್ಷೆಯಲ್ಲಿ ಪಾಸಾಗಿದೆ ಎಂದು ಬರೆದು, ಬಾಲ ಎಳೆದು, ಚುಕ್ಕಿಯಿಟ್ಟು ರುಜು ಮಾಡಿ. ಅದನ್ನೂ ಅಕ್ಕನ ತಲೆಯ ಮೇಲೆ ತೂಗುಹಾಕುತ್ತೇವೆ. ಆಮೇಲೆ ನಾನು ತಕರಾರಿಲ್ಲದೆ ಕುರ್ಚಿಯ ಮೇಲೆ ಕೂರುತ್ತೇನೆ. ನೀವು ಬಾರದಿದ್ದರೂ ಕೂರಿಸುತ್ತಾರೆ. ಆಗ ಈ ಸಲವಾದರೂ ಹಾಡಲು ಅಕ್ಕ ಪಕ್ಕದಲ್ಲಿರುತ್ತಾಳೆ, ತುಟಿ ಸೇರಿದಷ್ಟು.

ಇಂತಿ, ತಮ್ಮ ದಾರಿ ಕಾಯುತ್ತಿರುವ,
ಸಂತೆಯ ದಿನದವರೆಗಂತೂ ಗದ್ದದ ಮೇಲೆ ಮೂರು ಚುಕ್ಕಿ ಉಳಿಸಿಕೊಂಡಿರುವ,
ಗುಡ್ಡಪ್ಪನ ಕಿರಿಮಗಳು ಜಂಬವ್ವ
ಕಂಪ್ಲಿ