ಬಳ್ಳಿಯ ಮೇಲೆ ಒಂದಂಗುಲ ಮರಳು

ಕಾರ್ವರ್, ಮ್ಯಾಸಚೂಸೆಟ್ಸ್
ಸೋಮವಾರ, ೧೭ ಫೆಬ್ರವರಿ ೧೯೫೮

ಪ್ರೀತಿಯ ಲೆಂಪಿ,

ನಿನ್ನ ಕೆಮ್ಮು ಇಳಿಯಿತೇ? ಫಿಚ್‌ಬರ್ಗಿನ ಚಳಿ ನಮ್ಮದಕ್ಕಿಂತ ಒರಟು. ಸೌನಾದ ಹಬೆಸ್ನಾನದಿಂದ ಒದ್ದೆ ತಲೆಯಲ್ಲೇ ಹೊರಬರುವ ನಿನ್ನ ಅಭ್ಯಾಸ ನನಗೆ ಗೊತ್ತು. ದಯವಿಟ್ಟು ಹಾಗೆ ಮಾಡಬೇಡ. ನಾನು ಆರೋಗ್ಯವಾಗಿದ್ದೇನೆ. ರೈ ರೊಟ್ಟಿ ಸುಡಲು ಕಲಿತೆ. ಕಲ್ಲಿನಂತಾಗುತ್ತದೆ, ಆದರೆ ಕಾಫಿಯಲ್ಲಿ ಅದ್ದಿದರೆ ಸೋಲೊಪ್ಪುತ್ತದೆ.

ನಿನ್ನೆಗೆ ನಮ್ಮ ರೆಯ್ನೊ ಹೋಗಿ ಒಂದು ವರ್ಷ. ಪ್ರಾರ್ಥನೆಯ ನಂತರ ಚರ್ಚಿನ ಕೋಣೆಯಲ್ಲಿ ಕಾಫಿಗೆ ಮೂವತ್ತು ಜನ ಸೇರಿದ್ದರು. ನಮ್ಮಿಬ್ಬರ ಪರವಾಗಿ ಎದ್ದು ನಿಂತು ಧನ್ಯವಾದ ಹೇಳಿದೆ. ಅನುಕಂಪವನ್ನು ಮಾತ್ರ ಸ್ವೀಕರಿಸಲಾರೆ ಎಂದೂ ಹೇಳಿದೆ: ಹತ್ತೊಂಬತ್ತರ ಮಗನನ್ನು ನ್ಯುಮೋನಿಯಾ ಒಯ್ದದ್ದು ನನ್ನ ಮನೆಯ ಸಂಗತಿ, ಹಂಚಿಕೊಂಡರೆ ಅದು ಹಗುರವಾಗುತ್ತದೆಂಬುದಕ್ಕೆ ಇದುವರೆಗೆ ಯಾರೂ ಪುರಾವೆ ಒದಗಿಸಿಲ್ಲ. ಪಕ್ಕದ ಮನೆಯ ಉರ್ಹೊ ನನ್ನ ತೋಳು ಹಿಡಿದೆಳೆದು, "ಸಾಕು ಕೂತ್ಕೊಳೋ, ಇಲ್ಲಿ ಯಾರೂ ಅಂಕ ಹಾಕ್ತಿಲ್ಲ" ಎಂದ. ಕಾಲೇಜಿನ ಚರ್ಚಾಕೂಟದಲ್ಲಿ ನಾನು ಗೆದ್ದ ಪದಕಗಳನ್ನು ಅವನು ಮೂವತ್ತು ವರ್ಷಗಳಿಂದ ಕ್ಷಮಿಸಿಲ್ಲ.

ಈಗ ಹಿತ್ತಲಿನ ವಿಷಯ. ರೆಯ್ನೊ ನೆಟ್ಟ, ಕೆಂಪು ಹುಳಿಹಣ್ಣಿನ ಕ್ರ್ಯಾನ್‌ಬೆರಿ ಬಳ್ಳಿಯ ಪಾತಿಗೆ ಈ ವಸಂತಕ್ಕೆ ನಾಲ್ಕು ವರ್ಷ. ಮೂರನೆಯ ವರ್ಷಕ್ಕಾದರೂ ಹಣ್ಣು ಬಿಡಬೇಕಿತ್ತು. ಅಕ್ಟೋಬರಿನಲ್ಲಿ ನೀನೂ ನಾನೂ ಮಂಡಿಯೂರಿ ಹುಡುಕಿ ಒಂದೂ ಸಿಗದೆ ಎದ್ದೆವು. ತಪ್ಪು ನನ್ನದು. ಆ ಬಳ್ಳಿ ಬಡ ನೆಲದ್ದು. ಹುಳಿಯಾದ ಜೌಗು ಮಣ್ಣು, ಮರಳು, ನೀರು, ಇಷ್ಟೇ ಅದಕ್ಕೆ ಸಾಕೆಂದು ಈ ಊರಿನ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೂ ಅವನನ್ನು ಮಣ್ಣು ಮಾಡಿ ಬಂದ ಮೇಲೆ ಇಡೀ ಬೇಸಿಗೆ, ವಾರವಾರವೂ, ಕೋಳಿಗೊಬ್ಬರ ಹಾಕಿದೆ. ಏನಾದರೂ ಉಣಿಸಬೇಕೆನಿಸುತ್ತಿತ್ತು. ಬಳ್ಳಿ ಕೊಬ್ಬಿ ನೆಲದುದ್ದಕ್ಕೂ ಹಂಬು ಹರಿಯಿತು. ಹೂ ಹೊರುವ ನೆಟ್ಟನೆಯ ಕಡ್ಡಿಗಳು ಏಳಲೇ ಇಲ್ಲ. "ಏನಯ್ಯಾ ಕಲೆರ್ವೊ, ಹಣ್ಣಿಗೆ ಬೆಳೀತಿದೀಯೋ, ಮೇಕೆ ಮೇಯ್ಸೋಕೋ?" ಎಂದು ಬೇಲಿಯಾಚೆಯಿಂದ ನಕ್ಕ ಉರ್ಹೊನೇ ಮದ್ದನ್ನೂ ಹೇಳಿದ. ಚಳಿಗಾಲದಲ್ಲಿ ಪಾತಿಗೆ ನೀರು ನಿಲ್ಲಿಸಿ, ಅದು ಹೆಪ್ಪುಗಟ್ಟಿದ ಮೇಲೆ ಮಂಜುಗಡ್ಡೆಯ ಮೇಲೆ ಒಂದಂಗುಲ ಮರಳು ಹರಡಬೇಕು. ಗಡ್ಡೆ ಕರಗಿದಂತೆ ಮರಳು ಸಮನಾಗಿ ಇಳಿದು ಹಂಬುಗಳನ್ನು ಮುಚ್ಚುತ್ತದೆ. ಮುಚ್ಚಿದಲ್ಲಿ ಬೇರು ಬಿಟ್ಟು ಕಡ್ಡಿಗಳು ಮೇಲೇಳುತ್ತವೆ.

ಆಗ ನೀನು ಅಂದದ್ದು ನನಗೆ ಅಕ್ಷರಶಃ ನೆನಪಿದೆ. "ಅವ್ನ ಮೇಲೆ ಒಂದ್ಸಲ ಮಣ್ಣು ಹಾಕಿದ್ದು ಸಾಲ್ದಾ? ಆ ಬಳ್ಳಿ ಮೇಲೆ ಒಂದು ಹಿಡಿನೂ ಬೀಳ್ಕೂಡ್ದು. ನಿನ್ನ ಕಾಲೇಜಿನ ವಾದ ನನ್ನ ಹತ್ರ ಬೇಡ ಮಾರಾಯ." ಹಾಕುವುದಿಲ್ಲವೆಂದು ಮಾತು ಕೊಟ್ಟೆ. ಮರುವಾರ ನೀನು ಫಿಚ್‌ಬರ್ಗಿಗೆ, ಅಕ್ಕನ ಮನೆಗೆ ಹೊರಟೆ.

ಎದುರು ಪಕ್ಷವನ್ನು ನ್ಯಾಯವಾಗಿ ಮಂಡಿಸಲಾರದವನು ವಾದಕ್ಕೇ ಅರ್ಹನಲ್ಲ. ಆದ್ದರಿಂದ ಒಪ್ಪುತ್ತೇನೆ: ನಿನ್ನ ಭಯ ನಿರಾಧಾರವಲ್ಲ. ಮರಳು ಹೆಚ್ಚಾದರೆ ಬಳ್ಳಿ ಉಸಿರುಗಟ್ಟಿ ಸಾಯುವುದುಂಟು. ಹಾಕದಿದ್ದರೆ ಹಂಬಿನ ಮೇಲೆ ಹಂಬು ಹೆಣೆದುಕೊಂಡು ಒಳಗೊಳಗೇ ಕೊಳೆಯುತ್ತದೆ. ಮೂರು ದಿನಗಳಿಂದ ಊಟಕ್ಕೆ ಮುಂಚೆಯೂ ನಂತರವೂ ಹೋಗಿ, ಪಾತಿಗೆ ನಿಲ್ಲಿಸಿದ ನೀರಿನ ಗಡ್ಡೆಯನ್ನು ಹಿಮ್ಮಡಿಯಿಂದ ಗುದ್ದಿ ನೋಡುತ್ತಿದ್ದೇನೆ. ಒಳಗೆ ಬಂದು ಕುಳಿತ ಕೂಡಲೇ ಗುದ್ದಿದ್ದು ಜೋರಾಯಿತೇನೋ ಎಂದು ಮತ್ತೆ ಏಳುತ್ತೇನೆ. ಈ ವಾರ ಗಟ್ಟಿಯಿದೆ. ಮುಂದಿನ ವಾರದ ಮಾತು ಹೇಳಲಾಗದು. ನೀನು ಹಿಂತಿರುಗುವ ದಿನ ನಿನಗೆ ತೋರಿಸಲು ನನ್ನಲ್ಲಿ ಒಂದು ಹಣ್ಣಿನ ಭರವಸೆಯಾದರೂ ಇರಬೇಕು. ಕೊಟ್ಟ ಮಾತಿನಿಂದ ನನ್ನನ್ನು ಬಿಡಿಸು ಎಂದು ಕೇಳುತ್ತಿದ್ದೇನೆ. ಹೌದೋ ಅಲ್ಲವೋ, ಒಂದು ಕಾರ್ಡು ಸಾಕು.

ನಿನ್ನ ಅಕ್ಕನಿಗೆ ನನ್ನ ವಂದನೆ. ದೇವರು ನಿನ್ನನ್ನು ಕಾಯಲಿ. ಉಣ್ಣೆಯ ಕಾಲುಚೀಲ ಮರೆಯಬೇಡ.

ನಿನ್ನ
ಕಲೆರ್ವೊ

ತಾ. ಕ.: ಲಕೋಟೆ ಅಂಟಿಸುವ ಮುನ್ನ ಹಿತ್ತಲಿಗೆ ಹೋಗಿ ಬಂದೆ. ಬೆಚ್ಚನೆಯ ತೆಂಕಣ ಗಾಳಿ ಎದ್ದಿದೆ. ಪಾತಿಯ ಅಂಚಿನಲ್ಲಿ ಆಗಲೇ ನೀರು. ನಿನ್ನ ಕಾರ್ಡು ಬರುವವರೆಗೆ ಗಡ್ಡೆ ನಿಲ್ಲದು. ಉರ್ಹೊ ಸಲಿಕೆ ಹಿಡಿದು ಬೇಲಿ ದಾಟಿ ಬಂದ, ವಾಪಸು ಕಳಿಸಿದೆ. ಬಳ್ಳಿ ಸತ್ತರೆ ನೀನು ದೂರಬೇಕಾದವನು ನಾನೊಬ್ಬನೇ ಆಗಿರಲಿ. ಮಾತು ಮುರಿಯುತ್ತಿದ್ದೇನೆ, ಲೆಂಪಿ. ಮರಳು ಹರಡಲು ಹೊರಟೆ.