ಚೆಲ್ಲದ ಜೆಲ್ಲಿ

ಶೀಲಾ,

ಎದ್ದ ಕೂಡ್ಲೆ ಪಡಸಾಲಿ ಕಿಟಕಿ ಕಡೆ ನೋಡು. ನೀ ಮಾಡಿದ ಲಿಂಬಿಹಣ್ಣು-ಮೆಣಸಿನಕಾಯಿ ಜೆಲ್ಲಿ ಹನ್ನೆರಡೂ ಬಾಟ್ಲಿ ಅಲ್ಲೇ ಅದಾವು. ನಾ ಚೆಲ್ಲಿಲ್ಲ.

ನಿನ್ನಿ ಸಂಜಿ ಅದು ಸಾರಿನಂಗ ನೀರನೀರ ಇತ್ತು, ಖರೆ. "ಎಲ್ಲಾ ಗಟಾರಕ್ಕ ಚೆಲ್ಲಿ ಬರ್ರಿ, ಇನ್ನ ಈ ಕೆಲಸ ಸಾಕು" ಅಂದಿ. ನಾ "ಹೂಂ, ಬಿಡು" ಅಂದ್ನಿ. ಅದಕ್ಕ ನೀ ಇನ್ನಷ್ಟ ಅಳಾಕ ಹತ್ತಿದಿ. ನೀ ಅಂದದ್ದಕ್ಕ ಹೂಂ ಅಂದ್ರ ಅದರಾಗ ನಂದೇನ ತಪ್ಪು? ಇನ್ನೂ ತಿಳಿದಿಲ್ಲ.

ಮುಂಜಾನೆದ್ದು ಚೆಲ್ಲಾಕ ಹೋಗಿ ಮೊದಲನೇ ಬಾಟ್ಲಿ ಬೋರಲ ಹಿಡಿದ್ನಿ. ಬೀಳಲಿಲ್ಲ. ತಳಕ್ಕ ಬಡಿದ್ನಿ. ಥರಥರ ನಡುಗಿತು, ಆದ್ರೂ ಬೀಳಲಿಲ್ಲ. ಉಳಿದ ಹನ್ನೊಂದೂ ಹಂಗ. ಎದುರಮನಿ ಹನಮವ್ವ "ಏನ್ ಮಾಡಾಕತ್ತೀರಿ ಮಾಸ್ತರ?" ಅಂದ್ಳು. ಏನಂತ ಹೇಳ್ಲಿ? ನೀರಿದ್ದದ್ದು ಬೆಳಗಾಗೂದ್ರಾಗ ತಾನ ಹೆಂಗ ಗಟ್ಟಿ ಆತೋ, ನನಗಂತೂ ಗೊತ್ತಾಗವಲ್ದು.

ಮೊದಲನೇ ಬಾಟ್ಲಿ ರುಚಿ ನೋಡೇನಿ, ಅಲ್ಲೇ ಒಂದ ಬದಿಗೆ ಇಟ್ಟೇನಿ. ಮೊದಲ ಸಿಹಿ, ಹಿಂದಿಂದ ಹುಳಿ. ಖಾರ ಮಾತ್ರ ಚಪ್ಪಲಿ ಮೆಟ್ಟೂತನಾ ಬರಲಿಲ್ಲ, ಬಂದಮ್ಯಾಲ ಹೋಗವಲ್ದು.

ಜೆಲ್ಲಿ ಬೇಕಂತ ಹೇಳಿದ್ದ ಬದಾಮಿ ಹೋಟೆಲ್ಲಿನ ಅಕ್ಕಾರಿಗೆ ನಿನ್ನಿ "ನನ್ನ ಕೈಲೆ ಆಗಂಗಿಲ್ರಿ" ಅಂತ ಫೋನ್ ಮಾಡಿದಿ. ತಿರಗಿ ಮಾಡು. ನಾ ಮಾಡಿದ್ರ ಏನರ ಅಂದು ಕೆಡಸೇನು.

ಚಾ ಕಿಟ್ಲ್ಯಾಗ ಐತಿ, ಕಾಸಿಕೊಂಡು ಕುಡಿ.

ಗುಡೂರ ಬಸ್ಸಿಗೆ ಹೊತ್ತಾತು. ಸಾಲಿ ಬಿಟ್ಟಮ್ಯಾಲ ಸಂತ್ಯಾಗ ಲಿಂಬಿಹಣ್ಣು ತರ್ಲೇನು? ತರ್ರಿ ಅಂದ್ರ ತರ್ತೇನಿ. ಬ್ಯಾಡ ಅಂದ್ರ... ಬ್ಯಾಡ ಅಂದ್ರೂ ಈ ಸಲ ತರ್ತೇನಿ, ನೋಡು.

ಶ್ರೀಶೈಲ