ಸಚಿವರ ಬಳಿ ಉಳಿದ ರುಮಾಲು

ಮಾನ್ಯ ಸಚಿವರೇ, ಮುಖ್ಯಮಂತ್ರಿ ಪದವಿಯ ಉಮೇದುವಾರರೇ,

ನನ್ನ ಮದುವೆಯ ರುಮಾಲು ನಿಮ್ಮ ಮನೆಯಲ್ಲಿದೆ. ನನ್ನ ಸಂಸಾರದ ವೀಸಾ ನಿಮ್ಮ ಇಲಾಖೆಯಲ್ಲಿದೆ. ಮೊದಲನೆಯದನ್ನು ನಾವೇ ಕೈಯಾರೆ ನಿಮ್ಮ ತಲೆಗೆ ಸುತ್ತಿದೆವು. ಎರಡನೆಯದನ್ನು ಕೊಡಿಸುವ ಹಾಗೆ ನೀವು ಒಂದು ಮೈಕಿನಲ್ಲಿ ಮಾತಾಡಿದಿರಿ, ತಿಂಗಳು ಕಳೆಯುವುದರೊಳಗೆ ಇನ್ನೊಂದು ಮೈಕಿನಲ್ಲಿ ಕೈ ಎತ್ತಿಬಿಟ್ಟಿರಿ. ಆ ಎರಡು ಮೈಕುಗಳ ನಡುವೆ ಸಿಕ್ಕಿಕೊಂಡಿರುವ ಒಬ್ಬ ಎಂಜಿನಿಯರ್ ಇದನ್ನು ಬರೆಯುತ್ತಿದ್ದಾನೆ.

ನಾನು ಬಾಗಲಕೋಟೆಯವನು. ಕಂಪ್ಯೂಟರ್ ಬಲ್ಲವರು ಬೇಕು, ಐದು ವರ್ಷದ ಹಸಿರು ಕಾರ್ಡು ಕೊಡುತ್ತೇವೆ ಎಂದು ನಿಮ್ಮ ದೇಶ ಕರೆದಾಗ ಬಂದವರಲ್ಲಿ ಒಬ್ಬ. ಕೈಗೆ ಬಂದದ್ದು ಪಾಸ್‌ಪೋರ್ಟಿಗೆ ಅಂಟಿಸಿದ ಒಂದು ಚೀಟಿ. ಅದು ಹಸಿರೂ ಅಲ್ಲ, ಕಾರ್ಡೂ ಅಲ್ಲ. ಆದರೂ ಖುಷಿಪಟ್ಟೆ. ಸ್ಟುಟ್‌ಗಾರ್ಟಿನ ಹತ್ತಿರ ಕಾರಿನ ಬಿಡಿಭಾಗ ತಯಾರಿಸುವ ಕಂಪನಿಯೊಂದರಲ್ಲಿ ಬ್ರೇಕಿನ ಸಾಫ್ಟ್‌ವೇರ್ ಬರೆಯುತ್ತೇನೆ. ನಿಮ್ಮ ಸರಕಾರಿ ಕಾರು ನಿಲ್ಲಬೇಕಾದಲ್ಲಿ ಸರಿಯಾಗಿ ನಿಲ್ಲುತ್ತಿದ್ದರೆ ಅದರಲ್ಲಿ ನನ್ನ ಪಾಲೂ ಇದ್ದೀತು. ನನ್ನ ಐದು ವರ್ಷ ಬರುವ ಜೂನ್ ತಿಂಗಳಿಗೆ ಮುಗಿಯುತ್ತದೆ. ಮಗಳು ಕೀರ್ತಿ ಸೆಪ್ಟೆಂಬರಿನಲ್ಲಿ ಇಲ್ಲಿಯ ಒಂದನೇ ತರಗತಿಗೆ ಸೇರಬೇಕು. ಜೂನ್‌ನಿಂದ ಸೆಪ್ಟೆಂಬರಿಗೆ ದಾಟಲು ನಿಮ್ಮ ಇಲಾಖೆಯ ಒಂದು ಮೊಹರು ಬೇಕು, ಅದು ಸಿಗುತ್ತಿಲ್ಲ.

ಈ ಸಲದ ಗಣೇಶನ ಹಬ್ಬವನ್ನು ನೆನಪು ಮಾಡಿಕೊಳ್ಳಿ. ನಾವು ಕನ್ನಡದವರು ಚರ್ಚಿನ ಸಭಾಭವನವನ್ನು ಬಾಡಿಗೆಗೆ ಹಿಡಿದು ಹಬ್ಬ ಮಾಡುತ್ತೇವೆ. ನಿಮ್ಮ ಪಕ್ಷದವರು ನಮ್ಮ ಕೂಟದ ಅಧ್ಯಕ್ಷ ಸಿಪ್ರಿಯನ್‌ಗೆ ಫೋನ್ ಮಾಡಿ, ಸಚಿವರು ಅರ್ಧ ಗಂಟೆ ಬಂದು ಹೋಗುತ್ತಾರೆ ಎಂದರು. ಸಿಪ್ರಿಯನ್ ಉಡುಪಿಯವನು, ಕ್ರೈಸ್ತ, ನಮ್ಮ ಗಣೇಶನ ಲೆಕ್ಕಪತ್ರವೆಲ್ಲ ಅವನದೇ. ಅವನು ಸುದ್ದಿ ಹೇಳಿದ್ದೇ ತಡ, ನಮ್ಮವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮನೆಗೆ ದೊಡ್ಡವರು ಬಂದರೆ ಸನ್ಮಾನ ಮಾಡದೆ ಕಳಿಸುವುದು ನಮಗೆ ಗೊತ್ತೇ ಇಲ್ಲ. ಶಾಲು ಸಿಕ್ಕಿತು, ಹಾರ ಸಿಕ್ಕಿತು, ಹಣ್ಣಿನ ಬುಟ್ಟಿಗೆ ಟರ್ಕಿಯವರ ಅಂಗಡಿ ಇತ್ತು. ತಲೆಗೆ ಸುತ್ತಲು ರುಮಾಲು ಮಾತ್ರ ಈ ಊರಲ್ಲಿ ಎಲ್ಲಿ ಸಿಗಬೇಕು? ಆಗ ನನ್ನ ಹೆಂಡತಿ ಶ್ರೀದೇವಿ ಪೆಟ್ಟಿಗೆಯ ತಳದಿಂದ ನನ್ನ ಮದುವೆಯ ರುಮಾಲು ತೆಗೆದಳು. ಅವಳ ತಂದೆ ಗುರುಬಸಪ್ಪನವರು ಹಂದರದಲ್ಲಿ ತಾವೇ ನಿಂತು ನನ್ನ ತಲೆಗೆ ಸುತ್ತಿದ ಜರಿಯಂಚಿನ ರುಮಾಲು ಅದು. ನಾನು ಹಿಂದೆ ಮುಂದೆ ನೋಡಿದೆ. ಅವಳೇ ಧೈರ್ಯ ಹೇಳಿದಳು: "ಕೊಡೂದ ಕೊಡ್ತೇವಿ, ಚಲೋದು ಕೊಡೋಣು. ಹೆಂಗೂ ದೊಡ್ಡ ಮಂದಿ ಎಲ್ಲಾ ಟೇಬಲ್ ಮ್ಯಾಲ ಬಿಟ್ಟು ಹೋಗ್ತಾರ."

ನಾವು ಎಡವಿದ್ದು ಇಲ್ಲೇ. ನಮ್ಮ ಕಡೆಯ ಮಂತ್ರಿಗಳು ಹಾರವನ್ನು ಕೊರಳಿಗೆ ಬೀಳುವ ಮೊದಲೇ ತೆಗೆಯುತ್ತಾರೆ, ಶಾಲನ್ನು ಹಿಂದೆ ನಿಂತವನ ಕೈಗೆ ದಾಟಿಸುತ್ತಾರೆ, ರುಮಾಲನ್ನು ಕುರ್ಚಿಯ ಮೇಲೆ ಮರೆಯುತ್ತಾರೆ. ನೀವು ಹಾಗಲ್ಲ, ಸಭ್ಯರು. ನಿಮ್ಮ ಎತ್ತರಕ್ಕೆ ನನ್ನ ಕೈ ಎಟುಕದು ಎಂದು ತಲೆ ಬಗ್ಗಿಸಿ ನಿಂತಿರಿ. ರುಮಾಲು ಸುತ್ತಿಸಿಕೊಂಡು ಕಡಬು ತಿಂದಿರಿ, ಹೋಳಿಗೆ ತಿಂದು ಇನ್ನೊಂದು ಹಾಕಿಸಿಕೊಂಡಿರಿ. ಮೈಕಿನಲ್ಲಿ "ನೀವು ಇಲ್ಲಿ ಅತಿಥಿಗಳಲ್ಲ, ನೆರೆಹೊರೆಯವರು" ಎಂದಾಗ ನಮ್ಮ ಹೆಣ್ಣುಮಕ್ಕಳು ಕಣ್ಣೊರೆಸಿಕೊಂಡರು. ಮುಂದಿನ ಸಾಲಿನಲ್ಲಿದ್ದ ಕೀರ್ತಿಯನ್ನು ಮಾತಾಡಿಸಿದಿರಿ. ಅವಳು ನಿಮ್ಮದೇ ಭಾಷೆಯಲ್ಲಿ, ಬರುವ ವರ್ಷ ನಾನು ಶಾಲೆಗೆ ಹೋಗುತ್ತೇನೆ ಎಂದಳು. ನೀವು ಬಗ್ಗಿ ಅವಳ ಕೈ ಕುಲುಕಿ, "ಹಾಗಾದರೆ ನಿನ್ನ ಮೊದಲ ದಿನ ನೋಡಲು ನಾನೂ ಬರುತ್ತೇನೆ" ಎಂದಿರಿ. ಆಮೇಲೆ ರುಮಾಲು ತಲೆಯ ಮೇಲಿದ್ದಂತೆಯೇ, ಇಂಥ ಉಡುಗೊರೆಯನ್ನು ಎಂದೂ ಮರೆಯಲಾರೆ ಎಂದು ಎದೆಯ ಮೇಲೆ ಕೈಯಿಟ್ಟು, ಕಾರು ಹತ್ತಿ ಹೋದಿರಿ. ಶ್ರೀದೇವಿ ನನ್ನ ಮುಖ ನೋಡಿದಳು, ನಾನು ಸಿಪ್ರಿಯನ್ ಮುಖ ನೋಡಿದೆ. ಕೊಟ್ಟದ್ದನ್ನು ವಾಪಸು ಕೇಳುವ ಬಾಯಿ ಯಾರಿಗೂ ಇರಲಿಲ್ಲ.

ಆಗ ನೀವು ಉಮೇದುವಾರರೆಂದು ನಮಗೆ ತಿಳಿಯದು. ಆಮೇಲೆ ಪತ್ರಿಕೆಯಲ್ಲಿ ಓದಿದೆವು. ಈ ರಾಜ್ಯದ ಮುಂದಿನ ಚುನಾವಣೆಗೆ ನಿಮ್ಮ ಪಕ್ಷದ ಮುಖ್ಯಮಂತ್ರಿ ಅಭ್ಯರ್ಥಿ ಯಾರೆಂಬುದನ್ನು ಪಕ್ಷದ ಸದಸ್ಯರೇ ಮತ ಹಾಕಿ ತೀರ್ಮಾನಿಸುತ್ತಾರಂತೆ. ಕಣದಲ್ಲಿ ಒಬ್ಬರು ನೀವು, ಇನ್ನೊಬ್ಬರು ಪಕ್ಕದ ನಗರದ ಮೇಯರ್ ಅಂತೆ. ರುಮಾಲು ಸುತ್ತಿದ ನಿಮ್ಮ ಫೋಟೋವನ್ನು ಮೇಯರ್ ಕಡೆಯವರು ಪಕ್ಷದ ಸಭೆಯೊಂದರಲ್ಲಿ ಪ್ರತಿ ಕುರ್ಚಿಯ ಮೇಲೂ ಇಟ್ಟರು, ಸಭೆಯೆಲ್ಲ ನಕ್ಕಿತು. ಮಾರನೆಯ ವಾರ ನೀವು ಇನ್ನೊಂದು ಊರಿನ ವೇದಿಕೆ ಹತ್ತಿ ಗುಡುಗಿದಿರಿ: "ಐದು ವರ್ಷವೆಂದರೆ ಐದು ವರ್ಷ. ಊಟದ ಮೇಜಿನಿಂದ ಯಾವಾಗ ಏಳಬೇಕು ಎಂಬುದು ಒಳ್ಳೆಯ ಅತಿಥಿಗೆ ಗೊತ್ತಿರುತ್ತದೆ." ಚಪ್ಪಾಳೆ ಬಿತ್ತು. ಸ್ವಾಮಿ, ನಮ್ಮ ಮೇಜಿನಲ್ಲಿ ನೀವು ಎರಡನೆಯ ಹೋಳಿಗೆ ಹಾಕಿಸಿಕೊಂಡಾಗ ನಮ್ಮಲ್ಲಿ ಯಾರಾದರೂ ಗಡಿಯಾರ ನೋಡಿದರೇ? ಒಂದು ಬಟ್ಟೆ ತಲೆಗೆ ಸುತ್ತಿಸಿಕೊಂಡದ್ದಕ್ಕೆ ನಿಮಗೆ ಇಷ್ಟು ಅವಮಾನವಾಯಿತೇ, ಅದನ್ನು ತೊಳೆದುಕೊಳ್ಳಲು ನಮ್ಮ ಮನೆಗಳೇ ಬೇಕಾದವೇ? ಆ ಭಾಷಣವನ್ನು ಟಿವಿಯಲ್ಲಿ ನೋಡುತ್ತ ನಾನು ಚಿಕ್ಕವನಾಗಿಹೋದೆ. ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ ಬಂತು.

ಮಾರನೆಯ ದಿನವೇ ಪರದೇಶಿಗಳ ಕಚೇರಿಗೆ ಓಡಿದೆ. ಕೌಂಟರಿನ ಹೆಂಗಸು ಕೆಟ್ಟವರಲ್ಲ. ನಿಮ್ಮ ಅರ್ಜಿಯಲ್ಲಿ ಕೊರತೆಯೇನೂ ಇಲ್ಲ, ಆದರೆ ಮೇಲಿನಿಂದ ಸೂಚನೆ ಬಂದಿಲ್ಲ, ಮುಂದೆ ಯಾರು ಬರುತ್ತಾರೋ ನೋಡಿಕೊಂಡು ಮಾಡುತ್ತೇವೆ ಎಂದರು. ನೀವು ಗೆದ್ದರೆ ಅಂದು ಬಿದ್ದ ಚಪ್ಪಾಳೆಗೆ ಕಟ್ಟುಬಿದ್ದು ನಮ್ಮನ್ನು ಕಳಿಸಬೇಕು. ಮೇಯರ್ ಗೆದ್ದರೆ ನಮ್ಮ ರುಮಾಲನ್ನು ನೋಡಿ ನಕ್ಕವರೇ ಗೆದ್ದ ಹಾಗೆ. ನಮ್ಮ ಕೂಟದವರು ಗಾಬರಿಯಲ್ಲಿ ಇನ್ನೊಂದು ಯೋಚನೆ ತೆಗೆದರು: ಮೇಯರ್ ಅವರಿಗೂ ಒಂದು ಸನ್ಮಾನ ಮಾಡಿಬಿಡೋಣ! ಸಿಪ್ರಿಯನ್ ಅವರ ಕಚೇರಿಗೆ ಬರೆದ. ಉತ್ತರ ಬಹಳ ಸೌಜನ್ಯದಿಂದ ಬಂತು. ಮೇಯರ್ ಅವರಿಗೆ ನಿಮ್ಮ ಸಮುದಾಯದ ಬಗ್ಗೆ ಅಪಾರ ಗೌರವವಿದೆ, ಮತದಾನ ಮುಗಿದ ಮೇಲೆ ಖಂಡಿತ ಭೇಟಿಯಾಗುತ್ತಾರೆ, ಫೋಟೋ ಬೇಡ, ತಲೆಗೆ ಏನನ್ನೂ ಸುತ್ತುವುದು ಬೇಡ. ಅಂದರೆ ನಮ್ಮನ್ನು ಬೈದು ವೋಟು ಪಡೆಯುವವರು ಒಬ್ಬರು, ನಮ್ಮ ಜೊತೆ ಕಾಣಿಸಿಕೊಳ್ಳದೆ ವೋಟು ಪಡೆಯುವವರು ಇನ್ನೊಬ್ಬರು. ಇಬ್ಬರಲ್ಲಿ ಯಾರಿಗೆ ಹರಕೆ ಹೊರಬೇಕು ಎಂದು ಶ್ರೀದೇವಿ ಕೇಳುತ್ತಾಳೆ.

ನಮ್ಮ ಬಾಗಲಕೋಟೆಯಲ್ಲಿ ಚುನಾವಣೆ ಬಂದರೆ ಉಮೇದುವಾರರು ಬಾಗಿಲಿಗೆ ಬರುತ್ತಾರೆ. ಅಜ್ಜಿಯ ಕಾಲು ಮುಟ್ಟುತ್ತಾರೆ, ಕೂಸಿನ ಗಲ್ಲ ಹಿಂಡುತ್ತಾರೆ, ಗೆದ್ದ ಮೇಲೆ ಗುರುತು ಹಿಡಿಯುವುದಿಲ್ಲ. ಎಲ್ಲ ನಾಟಕವೇ. ಆದರೂ ನಾಟಕ ಆಡಲೇಬೇಕಾದಷ್ಟು ಬೆಲೆ ನಮಗಿರುತ್ತದೆ. ಇಲ್ಲಿ ನಾನು ತೆರಿಗೆ ಕಟ್ಟುತ್ತೇನೆ, ಪಿಂಚಣಿ ನಿಧಿಗೆ ಕಟ್ಟುತ್ತೇನೆ, ಕಸವನ್ನು ನಾಲ್ಕು ಬಣ್ಣದ ಡಬ್ಬಿಗಳಿಗೆ ಬೇರೆ ಮಾಡಿ ಹಾಕುತ್ತೇನೆ. ವೋಟು ಇಲ್ಲ, ಕೇಳಿಯೂ ಇಲ್ಲ. ಆದರೆ ವೋಟಿಲ್ಲದವನ ಮೇಲೇ ಚುನಾವಣೆ ನಡೆಸುವುದು ಯಾವ ನ್ಯಾಯ? ಮಾತಾಡುವಂತಿಲ್ಲ, ಕಿವಿ ಮುಚ್ಚಿಕೊಳ್ಳುವಂತೆಯೂ ಇಲ್ಲ. ಹೀಗೆ ಸುಮ್ಮನೆ ಕೂತು ಇನ್ನೊಬ್ಬರ ಎಣಿಕೆಗೆ ಕಾಯುವುದು ಎಂಥ ಉಸಿರುಗಟ್ಟುವ ಕೆಲಸ ಎಂಬುದು ನಿಮಗೆ ತಿಳಿದಿರಲಾರದು.

ಹೋದ ಭಾನುವಾರ ಮಾವನವರ ಫೋನ್ ಬಂತು. ಬರುವ ಮೇ ತಿಂಗಳಲ್ಲಿ ನನ್ನ ನಾದಿನಿಯ ಮದುವೆ. ಹಿರಿಯಳಿಯ ರುಮಾಲು ಸುತ್ತಿಕೊಂಡು ಬೀಗರನ್ನು ಎದುರುಗೊಳ್ಳಬೇಕು. ಹೊಸಾದು ತರಬ್ಯಾಡ್ರಿ, ನಾ ಸುತ್ತಿದ್ದೇ ಇರಲಿ, ಎಂದರು. ಹೂಂ ಎಂದೆ. ಅದು ಒಬ್ಬ ಸಚಿವರ ಮನೆಯಲ್ಲಿದೆ ಎಂದರೆ ಹೆಮ್ಮೆಪಡುತ್ತಾರೋ, ಮುಖ ಇಳಿಸುತ್ತಾರೋ ತಿಳಿಯಲಿಲ್ಲ. ಆಮೇಲೆ ದನಿ ತಗ್ಗಿಸಿ ಕೇಳಿದರು: "ಅಳಿಯಂದ್ರ, ಒಂದ ಮಾತು ಖರೇ ಹೇಳ್ರಿ. ಬಂದು ಹೋಗ್ತೀರೋ, ಬಂದ ಬಿಡ್ತೀರೋ?" ಲೈನ್ ಸರಿಯಿಲ್ಲ ಎಂದು ಹೇಳಿ ಇಟ್ಟುಬಿಟ್ಟೆ.

ಈ ಪತ್ರವನ್ನು ನಿಮ್ಮ ಭಾಷೆಯಲ್ಲೇ ಬರೆದು ಪತ್ರಿಕೆಗೆ ಕಳಿಸಬೇಕೆಂದಿದ್ದೆ, ಬರೆದೂ ಇದ್ದೆ. ಸಿಪ್ರಿಯನ್ ಓದಿ ನೋಡಿ ಮಡಚಿ ನನ್ನ ಜೇಬಿಗೇ ಹಾಕಿದ. "ಬರ್ದದ್ದು ಎಲ್ಲ ಸರಿ ಉಂಟು ಮಾರಾಯ. ಆದ್ರೆ ಜರ್ಮನ್‌ನಲ್ಲಿ ಬೇಡ, ಇದು ನಿನ್ನ ಫೈಲಿಗೆ ಹೋಗಿ ಕೂತ್ಕೊಳ್ತದೆ" ಎಂದ. ಹಾಗಾಗಿ ಇದು ನಮ್ಮ ಕೂಟದ ರಾಜ್ಯೋತ್ಸವ ಸಂಚಿಕೆಯಲ್ಲಿ ಕನ್ನಡದಲ್ಲಿ ಬರುತ್ತಿದೆ. ಪತ್ರ ಬಹಿರಂಗವೇ, ಓದಬೇಕಾದವರೊಬ್ಬರನ್ನು ಬಿಟ್ಟು ಎಲ್ಲರೂ ಓದುತ್ತಾರೆ. ನಗಬೇಡಿ. ನಿಮಗೆ ತಿಳಿಯದ ಭಾಷೆಯಲ್ಲಿ ಮಾತ್ರ ನಿಮ್ಮೆದುರು ನೆಟ್ಟಗೆ ನಿಲ್ಲಬಲ್ಲ ಸ್ಥಿತಿಗೆ ನನ್ನನ್ನು ತಂದಿಟ್ಟವರು ನೀವು.

ಈಗ ಬೇಡಿಕೆ. ಎಸ್-ಬಾನ್ ರೈಲು ನಿಲ್ದಾಣದ ಪಕ್ಕದಲ್ಲಿರುವ ನಿಮ್ಮ ಪಕ್ಷದ ಕಚೇರಿಯ ಗಾಜಿನ ಹಿಂದೆ ನಿಮ್ಮ ಆಳೆತ್ತರದ ಚಿತ್ರವಿದೆ. ಬಾಲವಾಡಿಗೆ ಹೋಗುವಾಗ ಕೀರ್ತಿ ದಿನಾ ಅಲ್ಲಿ ನಿಂತು ಅದಕ್ಕೆ ಕೈ ಬೀಸುತ್ತಾಳೆ. ನನ್ನ ಶಾಲೆಗೆ ಬರುತ್ತೇನೆ ಎಂದವರು ಇವರೇ ಎಂದು ದಾರಿಯಲ್ಲಿ ಹೋಗುವವರಿಗೆಲ್ಲ ಹೇಳುತ್ತಾಳೆ. ಇಲ್ಲಿ ಮಕ್ಕಳು ಶಾಲೆಯ ಮೊದಲ ದಿನ ಮಿಠಾಯಿ ತುಂಬಿದ ದೊಡ್ಡ ಕಾಗದದ ಪೊಟ್ಟಣ ಹಿಡಿದು ಹೋಗುತ್ತಾರಲ್ಲ, ಅವಳು ಮೀನಿನ ಚಿತ್ರವಿರುವ ನೀಲಿ ಪೊಟ್ಟಣವನ್ನು ಅಂಗಡಿಯಲ್ಲಿ ಈಗಲೇ ಗುರುತು ಮಾಡಿಟ್ಟಿದ್ದಾಳೆ. ಟಿವಿಯಲ್ಲಿ ನೀವು ಗುಡುಗಿದ್ದನ್ನು ಅವಳಿಗೆ ನಾವು ಹೇಳಿಲ್ಲ, ಹೇಳುವ ಎದೆ ಇಬ್ಬರಿಗೂ ಇಲ್ಲ. ಆದ್ದರಿಂದ ನೀವೇ ಹೇಳಿ. ನಮ್ಮನ್ನು ಕಳಿಸುವುದೇ ಖಚಿತವಾದರೆ ವೇದಿಕೆಯ ಮೇಲಿಂದಲ್ಲ, ನಮ್ಮ ಮನೆಗೆ ಬಂದು, ಅಂದಿನ ಹಾಗೆ ಬಗ್ಗಿ, ಅವಳ ಕೈ ಹಿಡಿದು ಹೇಳಿ. ಅವಳಿಗೆ ನಿಮ್ಮ ಭಾಷೆ ನನಗಿಂತ ಚೆನ್ನಾಗಿ ತಿಳಿಯುತ್ತದೆ. ಹಾಗೆ ಹೇಳಲು ನಿಮಗೂ ಆಗದಿದ್ದರೆ, ಮತ ಎಣಿಸುವ ಮೊದಲೇ ಆ ಕೌಂಟರಿಗೆ, ಮೊಹರು ಒತ್ತಿ ಎಂದು, ಒಂದು ಸಾಲು ಬರೆದು ಕಳಿಸಿ.

ಹೇಗೆ ಬಂದರೂ ರುಮಾಲು ತನ್ನಿ. ತಲೆಗೆ ಸುತ್ತಿಕೊಳ್ಳಬೇಕಾಗಿಲ್ಲ, ಯಾರೂ ಕಾಣದ ಹಾಗೆ ಕೈಚೀಲದಲ್ಲಿ ತಂದರೂ ಸಾಕು.

ಇಂತಿ,
ಹೋಗಲೂ ಆಗದೆ ಇರಲೂ ಆಗದೆ ಕೂತಿರುವ
ಗುರುಬಸಪ್ಪನವರ ಬರಿದಲೆಯ ಹಿರಿಯಳಿಯ